ಎಂಟು ನೈಲಾನ್ ಬಿಲ್ಲೆಗಳು, ಒಂದು ಜೀಪು

ಕಳೆದ ಮಳೆಗಾಲ ಮುಗಿಯುತ್ತಾ ಬಂದಿದ್ದಾಗ ನನ್ನ ಹಳೆ ವಿದ್ಯಾರ್ಥಿಯೊಬ್ಬ ಸಂಜೆ ಶಾಲೆಯ ಲ್ಯಾಬಿಗೆ ಬಂದ. ಕೈಯಲ್ಲಿ ಒಂದು ಕಪ್ಪು ಬಿಲ್ಲೆ. ನೈಲಾನಿನದ್ದು, 5 ಸೆಂ.ಮೀ. ದಪ್ಪ, ನಡುವೆ ಬೋಲ್ಟ್ ತೂರುವಷ್ಟು ತೂತು. ಮೇಜಿನ ಮೇಲೆ ಇಟ್ಟು, "ಸರ್, ಇಂಥದ್ದು ಎಂಟು ಉಂಟು. ಜೀಪಿನ ಬಾಡಿಯ ಅಡಿಗೆ ಇಡ್ಲಿಕ್ಕೆ. ಒಮ್ಮೆ ಲೆಕ್ಕ ನೋಡಿ ಹೇಳ್ಬೇಕು" ಅಂದ.

ಅವನು ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಐಟಿಐ ಮಾಡಿ, ಈಗ ಒಂದು ವರ್ಕ್‌ಶಾಪಿನಲ್ಲಿ ದುಡಿಯುತ್ತಾನೆ. ಬೆಳಿಗ್ಗೆ ಸಂಜೆ ಸ್ವಂತ ಜೀಪು ಓಡಿಸುತ್ತಾನೆ. ಗುಡ್ಡೆಯ ಮೇಲಿನ ಮನೆಗಳಿಂದ ನಮ್ಮ ಶಾಲೆಗೆ ಬರುವ ಎಂಟು ಮಕ್ಕಳು ಬರುವುದು ಅದೇ ಜೀಪಿನಲ್ಲಿ. ಕಾಸರಗೋಡಿನ ಪೂರ್ವ ಭಾಗದ ದಾರಿಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಡಾಮರು ಮುಗಿದಲ್ಲಿ ಕೆಂಪು ಮಣ್ಣು, ಮಣ್ಣು ಕೊಚ್ಚಿಹೋದಲ್ಲಿ ಮುರಕಲ್ಲು. ಮಳೆ ಮುಗಿಯುವಾಗ ಚಕ್ರ ಹೋಗುವ ಎರಡು ಸಾಲುಗಳೂ ಆಳವಾಗಿ, ನಡುವಿನ ದಿಣ್ಣೆ ಎದ್ದು ನಿಂತಿರುತ್ತದೆ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿರುವ ಡಿಫರೆನ್ಶಿಯಲ್ ಪೆಟ್ಟಿಗೆ ದಿನಾ ಆ ದಿಣ್ಣೆಗೆ ಉಜ್ಜುತ್ತದೆ. ಒಮ್ಮೆ ಅದರ ಕೆಳಗಿನ ಪ್ಲಗ್ ಪೆಟ್ಟು ತಿಂದು ಎಣ್ಣೆ ಸೋರಿ ಹೋಗಿತ್ತಂತೆ.

ಫೋನಿನಲ್ಲಿ ವೀಡಿಯೊ ನೋಡಿ ಅವನು ಪರಿಹಾರ ಕಂಡುಕೊಂಡಿದ್ದ. ಅಮೆರಿಕದ ಪಿಕಪ್ ಮತ್ತು ಜೀಪುಗಳಿಗೆ 'ಬಾಡಿ ಲಿಫ್ಟ್' ಅಂತ ಮಾಡುತ್ತಾರೆ. ಚಾಸಿಗೂ ಬಾಡಿಗೂ ನಡುವೆ ಬಿಲ್ಲೆ ಇಟ್ಟು, ಉದ್ದದ ಬೋಲ್ಟ್ ಹಾಕಿ ಬಿಗಿದರೆ ಆಯಿತು. ಅಲ್ಲಿ ಅಂಗಡಿಗಳಲ್ಲಿ ಇದರ ಕಿಟ್ ಸಿಗುತ್ತದೆ, ಒಂದರಿಂದ ಮೂರು ಇಂಚಿನವರೆಗೆ. ಇವನು ಲೇತ್‌ನಲ್ಲಿ ತಾನೇ ಕೊರೆಸಿ ತಂದಿದ್ದ.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾನು ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಮೇಷ್ಟ್ರ ದನಿಯಲ್ಲೇ, "5 ಸೆಂಟಿಮೀಟರ್ ಇಟ್ಟರೆ 5 ಸೆಂಟಿಮೀಟರ್ ಎತ್ತರ. ಕಲ್ಲು ತಾಗುವುದಿಲ್ಲ, ಒಳ್ಳೆಯದೇ" ಅಂದೆ. ಬಿಎಸ್ಸಿ ಬಿಎಡ್ ಮಾಡಿದವನು ಹೇಳಿದ ಮಾತು ಇದು. ಅವನು ಏನೂ ಹೇಳಲಿಲ್ಲ, ಸುಮ್ಮನೆ ಮುಗುಳ್ನಕ್ಕು, "ಭಾನುವಾರ ಬನ್ನಿ ಸರ್" ಅಂತ ಹೊರಟುಹೋದ.

ಭಾನುವಾರ ಜೀಪಿನ ಅಡಿಗೆ ಗೋಣಿ ಹಾಸಿ ಮಲಗಿದಾಗ ಗೊತ್ತಾಯಿತು. ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಕೆಳಗೆ ಎರಡು ಚಕ್ರ, ಅವನ್ನು ಸೇರಿಸುವ ಅಚ್ಚು, ಅದರ ಮೇಲೆ ಮೂಕಿ ಚೌಕಟ್ಟು, ಅದರ ಮೇಲೆ ಹುಲ್ಲು ತುಂಬುವ ಪೆಟ್ಟಿಗೆ. ಪೆಟ್ಟಿಗೆಯ ಅಡಿಗೆ ನಾಲ್ಕು ಮರದ ತುಂಡು ಇಟ್ಟು ಎತ್ತರಿಸಿದರೆ ಅಚ್ಚು ಎತ್ತರ ಆಗುತ್ತದೆಯೇ? ಇಲ್ಲ. ಅಚ್ಚು ಅಲ್ಲೇ, ಹುಲ್ಲು ಮಾತ್ರ ಮೇಲೆ. ಜೀಪಿನಲ್ಲೂ ಅಷ್ಟೇ. ಚಕ್ರ, ಅಚ್ಚು, ಸ್ಪ್ರಿಂಗು, ಚಾಸಿ, ಎಂಜಿನು, ಗೇರ್ ಬಾಕ್ಸು ಎಲ್ಲ ಇದ್ದಲ್ಲೇ ಇರುತ್ತವೆ. ಬಿಲ್ಲೆ ಎತ್ತುವುದು ನಾವು ಕುಳಿತುಕೊಳ್ಳುವ ತಗಡಿನ ಡಬ್ಬಿಯನ್ನು. ಕಲ್ಲಿಗೆ ತಾಗುವ ಡಿಫರೆನ್ಶಿಯಲ್ ಒಂದು ಕೂದಲೆಳೆಯಷ್ಟೂ ಮೇಲೆ ಹೋಗುವುದಿಲ್ಲ.

ಹಾಗಾದರೆ ಬಿಲ್ಲೆ ಯಾಕೆ? ಅವನಿಗೆ ಮೊದಲೇ ಗೊತ್ತಿತ್ತು. ಅದು ದೊಡ್ಡ ಟಯರಿಗೆ ಜಾಗ ಮಾಡಿಕೊಡಲಿಕ್ಕೆ. ಡಿಫರೆನ್ಶಿಯಲನ್ನು ಎತ್ತುವುದು ಟಯರು. ಆದರೆ ದೊಡ್ಡ ಟಯರು ಹಾಕಿದರೆ ಗುಂಡಿಗೆ ಬಿದ್ದು ಸ್ಪ್ರಿಂಗು ಮಡಚಿದಾಗ, ಇಲ್ಲವೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಯರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಅದಕ್ಕೆ ಮಡ್‌ಗಾರ್ಡನ್ನೇ, ಅಂದರೆ ಇಡೀ ಬಾಡಿಯನ್ನೇ, ಮೇಲೆ ಸರಿಸುವುದು.

ಟಯರಿನ ಬದಿಯ ಬರಹ

ಇದನ್ನು ತರಗತಿಗೆ ತರಬಹುದು ಅಂತ ನನಗೆ ಹೊಳೆದದ್ದು ಟಯರಿನ ಬದಿಯನ್ನು ಓದುವಾಗ. ಹಳೆಯ ಟಯರಿನ ಮೇಲೆ 215/75 ಆರ್ 15 ಅಂತ ಇತ್ತು. 215 ಅಂದರೆ ಅಗಲ, ಮಿಲಿಮೀಟರಿನಲ್ಲಿ. 75 ಅಂದರೆ ಟಯರಿನ ಗೋಡೆಯ ಎತ್ತರ ಅಗಲದ ಶೇಕಡಾ 75. 15 ಅಂದರೆ ರಿಮ್ಮಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಬರಹದಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ ಉಂಟು. ಏಕಮಾನಗಳ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಲೆಕ್ಕ ಹೀಗೆ. 15 ಇಂಚು ಅಂದರೆ 381 ಮಿ.ಮೀ. ಗೋಡೆ 215ರ ಮುಕ್ಕಾಲು, ಸುಮಾರು 161 ಮಿ.ಮೀ. ಅದು ಮೇಲೊಮ್ಮೆ ಕೆಳಗೊಮ್ಮೆ ಬರುತ್ತದೆ. ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಅವನು ತಂದ ಹೊಸ ಟಯರು 31 ಇಂಚಿನದ್ದು, ಅಂದರೆ 787 ಮಿ.ಮೀ. ವ್ಯತ್ಯಾಸ 84 ಮಿ.ಮೀ. ಆದರೆ ಅಚ್ಚು ಇರುವುದು ಚಕ್ರದ ನಡುವೆ ತಾನೆ? ಹಾಗಾಗಿ ಮೇಲೆ ಹೋಗುವುದು ಅದರ ಅರ್ಧ, 42 ಮಿ.ಮೀ. ಮಕ್ಕಳು ಪ್ರತಿ ಸಲ ಎಡವುವುದು ಇಲ್ಲಿಯೇ. ವ್ಯಾಸದ ವ್ಯತ್ಯಾಸವನ್ನೇ ಎತ್ತರ ಅಂದುಬಿಡುತ್ತಾರೆ. ನಾನು ಬಿಲ್ಲೆಯ ದಪ್ಪವನ್ನೇ ಎತ್ತರ ಅಂದೆನಲ್ಲ, ಅವರನ್ನು ಬೈಯುವ ಹಾಗಿಲ್ಲ.

ಮಧ್ಯಾಹ್ನದವರೆಗೆ ಜೀಪಿನ ಕೆಲಸ ನಡೆಯಿತು. ಮೊದಲು ಬ್ಯಾಟರಿಯ ತಂತಿ ಕಳಚಿದ. ಒಂದು ಬದಿಯ ನಾಲ್ಕು ಬೋಲ್ಟುಗಳನ್ನು ಪೂರ್ತಿ ಬಿಚ್ಚಿ, ಇನ್ನೊಂದು ಬದಿಯವನ್ನು ಸಡಿಲ ಮಾತ್ರ ಮಾಡಿ, ಬಾಡಿಯ ಅಂಚಿನ ಅಡಿಗೆ ದಪ್ಪ ಹಲಗೆ ಕೊಟ್ಟು ಜಾಕ್ ಏರಿಸಿದ. ಹಲಗೆ ಯಾಕೆ ಅಂತ ಕೇಳಬೇಡಿ. ಒತ್ತಡ ಅಂದರೆ ಬಲ ಭಾಗಿಸು ವಿಸ್ತೀರ್ಣ. ಹಲಗೆ ಇಲ್ಲದಿದ್ದರೆ ಜಾಕಿನ ತಲೆ ತಗಡನ್ನು ತೂತು ಮಾಡುತ್ತಿತ್ತು. ಬಿಲ್ಲೆ ಕೂರಿಸಿ ಹೊಸ ಬೋಲ್ಟು ಹಾಕಿದ. ಬೋಲ್ಟಿನ ತಲೆಯ ಮೇಲೆ 8.8 ಅಂತ ಕೊರೆದಿತ್ತು. ಮೊದಲ 8 ಅಂದರೆ ಆ ಉಕ್ಕು ಎಳೆತಕ್ಕೆ ತುಂಡಾಗುವುದು ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಬಲದಲ್ಲಿ. ಚುಕ್ಕೆಯ ನಂತರದ 8 ಅಂದರೆ ಅದರ ಶೇಕಡಾ 80ರಷ್ಟಾಗುವಾಗ ಶಾಶ್ವತವಾಗಿ ಉದ್ದವಾಗಲು ಶುರುವಾಗುತ್ತದೆ. ಬೋಲ್ಟ್ ಒಳ್ಳೆಯದೇ. ಆದರೆ ಮೊದಲು ಬಾಡಿ ಚಾಸಿಯ ಮೇಲೆ ರಬ್ಬರಿನ ಸಣ್ಣ ಪ್ಯಾಡಿನ ಮೇಲೆ ಕೂತಿತ್ತು, ಈಗ 5 ಸೆಂ.ಮೀ. ಎತ್ತರದ ಕಂಬದ ಮೇಲೆ. ಗಟ್ಟಿ ಬ್ರೇಕ್ ಹಾಕಿದಾಗ ಬಾಡಿ ಮುಂದಕ್ಕೆ ನುಗ್ಗಲು ನೋಡುತ್ತದೆ, ಆ ನೂಕು ಬೋಲ್ಟನ್ನು ಬಗ್ಗಿಸಲು ನೋಡುತ್ತದೆ. ಸನ್ನೆಗೋಲಿನ ತತ್ವವೇ. ಬಲ ಅದೇ, ತೋಳು ಉದ್ದ.

ಕಷ್ಟ ಶುರುವಾದದ್ದು ಬಿಲ್ಲೆ ಹಾಕಿದ ಮೇಲೆ. ಬಾಡಿಗೂ ಚಾಸಿಗೂ ನಡುವೆ ಎಷ್ಟು ಸಂಬಂಧಗಳಿವೆ ಅನ್ನುವುದು ಅವೆರಡನ್ನು ದೂರ ಮಾಡಿದಾಗ ಗೊತ್ತಾಗುತ್ತದೆ. ಡೀಸೆಲ್ ತುಂಬುವ ಪೈಪು ಎಳೆದುಕೊಂಡಿತು. ಹ್ಯಾಂಡ್ ಬ್ರೇಕಿನ ಕೇಬಲ್ಲು ಬಿಗಿಯಾಯಿತು. ಗೇರಿನ ಕೋಲು ನೆಲದ ತೂತಿನಲ್ಲಿ ತಗ್ಗಿ, ಎರಡನೇ ಗೇರಿಗೆ ಹಾಕುವಾಗ ಅಂಚಿಗೆ ತಾಗುತ್ತಿತ್ತು. ರೇಡಿಯೇಟರು ಬಾಡಿಯ ಜೊತೆ ಮೇಲೆ ಹೋಯಿತು, ಎಂಜಿನಿನ ಫ್ಯಾನು ಕೆಳಗೇ ಉಳಿಯಿತು. ಫ್ಯಾನಿನ ಸುತ್ತಲಿನ ಕವಚದ ಕೆಳ ಅಂಚು ಎಲೆಗಳಿಗೆ ಬೆರಳಿನಷ್ಟು ಹತ್ತಿರ ಬಂತು. ಅದನ್ನು ಇಳಿಸಿ ಕಟ್ಟಬೇಕಾಯಿತು.

ಇನ್ನೊಂದು ಸಣ್ಣ ತಂತಿಯ ಕಥೆ ಹೇಳದಿದ್ದರೆ ಆಗದು. ಬಾಡಿಯನ್ನೂ ಎಂಜಿನನ್ನೂ ಸೇರಿಸುವ ಅರ್ಥ್ ಪಟ್ಟಿ ಒಂದು ಇರುತ್ತದೆ. ಲೈಟು, ಹಾರ್ನು ಎಲ್ಲದರ ವಿದ್ಯುತ್ತು ಬಾಡಿಯ ತಗಡಿನ ಮೂಲಕ ಹರಿದು ಆ ಪಟ್ಟಿಯಿಂದ ಬ್ಯಾಟರಿಗೆ ಮರಳುತ್ತದೆ. ಎತ್ತಿದಾಗ ಅದು ತುಂಡಾಯಿತೆನ್ನಿ. ವಿದ್ಯುತ್ತು ಸುಮ್ಮನಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರಿನ ಉಕ್ಕಿನ ಕೇಬಲ್ಲಿನಲ್ಲೋ ಕ್ಲಚ್ಚಿನ ಕೇಬಲ್ಲಿನಲ್ಲೋ ಹರಿದು ಅದನ್ನು ಕಾಯಿಸುತ್ತದೆ. ಮಂಡಲ ಪೂರ್ತಿಯಾಗಬೇಕು ಅನ್ನುವ ಪಾಠಕ್ಕೆ ಇದೂ ಒಂದು ಉದಾಹರಣೆ. ಇವನ ಪಟ್ಟಿ ತುಂಡಾಗಿರಲಿಲ್ಲ, ಬಿಗಿಯಾಗಿತ್ತು. ಬದಲಿಸಿದ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ನೋಡಿದ್ದು ಸ್ಟಿಯರಿಂಗಿನ ದಂಡವನ್ನು. ಸ್ಟಿಯರಿಂಗ್ ಚಕ್ರ ಬಾಡಿಗೆ ಕಟ್ಟಿದ್ದು, ಅದರ ಗೇರ್ ಪೆಟ್ಟಿಗೆ ಚಾಸಿಗೆ ಕಟ್ಟಿದ್ದು. ಎರಡನ್ನೂ ಸೇರಿಸುವ ದಂಡ ಈ ಜೀಪಿನಲ್ಲಿ ಎರಡು ತುಂಡು, ಒಂದರೊಳಗೆ ಒಂದು ಹಲ್ಲುಹಲ್ಲಾಗಿ ಜಾರುವಂಥದ್ದು. ಬಾಡಿ 5 ಸೆಂ.ಮೀ. ಏರಿದರೆ ದಂಡ ಎಷ್ಟು ಉದ್ದವಾಗಬೇಕು? ಅದು ನೇರ ನಿಂತಿಲ್ಲ, ನೆಲಕ್ಕೆ ಸುಮಾರು 30 ಡಿಗ್ರಿ ಓರೆ. ದಂಡದ ದಿಕ್ಕಿನ ಘಟಕ 5 ಗುಣಿಸು ಸೈನ್ 30, ಅಂದರೆ ಎರಡೂವರೆ ಸೆಂ.ಮೀ. ಒಳಗೆ ಸೇರಿದ್ದ ಹಲ್ಲುಗಳ ಉದ್ದ ಅಷ್ಟು ಕಡಿಮೆಯಾಯಿತು. ಉಳಿದದ್ದು ಒಂದು ಬೆರಳಿನ ಅಗಲ. ಬಿಟ್ಟುಹೋಗುವುದಿಲ್ಲ ಅಂತ ಅವನು ಹೇಳಿದ. ನಾನೂ ತಲೆ ಆಡಿಸಿದೆ. ಆ ಒಂದು ಬೆರಳು ರಾತ್ರಿ ಮಲಗಿದಾಗ ನನ್ನ ಕಣ್ಣಿಗೆ ಕಾಣುತ್ತಿತ್ತು.

ಲಾಭವೂ ಉಂಟು

ದೊಡ್ಡ ಟಯರಿನ ಬಗ್ಗೆ ಬರೀ ದೂರು ಹೇಳಿದರೆ ಅದು ವಿಜ್ಞಾನ ಅಲ್ಲ. ಸಂಜೆ ನಾವು ಗುಡ್ಡೆ ಹತ್ತಿದೆವು. ಮಕ್ಕಳು ಇರಲಿಲ್ಲ. ನಡುವಿನ ದಿಣ್ಣೆ ತಾಗಲಿಲ್ಲ. ಡಿಫರೆನ್ಶಿಯಲಿನ ಕೆಳಗೆ ನಿಜಕ್ಕೂ 4 ಸೆಂ.ಮೀ. ಹೆಚ್ಚು ಜಾಗ ಸಿಕ್ಕಿತ್ತು. ಒಂದು ಕಡೆ 15 ಸೆಂ.ಮೀ. ಎತ್ತರದ ಮುರಕಲ್ಲಿನ ಮೆಟ್ಟಿಲು ಉಂಟು, ಮೊದಲು ಅಲ್ಲಿ ಜೀಪು ಒದ್ದಾಡುತ್ತಿತ್ತು. ಈಗ ಸಲೀಸಾಗಿ ಹತ್ತಿತು. ಇದಕ್ಕೂ ಲೆಕ್ಕ ಉಂಟು. ಚಕ್ರವನ್ನು ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿ, ಅಡ್ಡಕ್ಕೆ ಎಳೆದು ಹತ್ತಿಸಲು ಎಷ್ಟು ಬಲ ಬೇಕು ಅಂತ ಬಲಯುಗ್ಮದ ಸಮತೋಲನ ಬರೆದರೆ, ಹಳೆಯ ಚಕ್ರಕ್ಕೆ ಅದರ ಮೇಲಿನ ಭಾರದ 1.43 ಪಟ್ಟು, ಹೊಸದಕ್ಕೆ 1.27 ಪಟ್ಟು. ಶೇಕಡಾ 11 ಕಡಿಮೆ. ಕೈಗಾಡಿಯ ಸಣ್ಣ ಚಕ್ರ ಹೊಸ್ತಿಲಲ್ಲಿ ಸಿಕ್ಕಿಹಾಕಿಕೊಳ್ಳುವುದು, ಸೈಕಲ್ಲಿನ ದೊಡ್ಡ ಚಕ್ರ ಹಾರಿಹೋಗುವುದು ಇದೇ ಕಾರಣಕ್ಕೆ.

ಆದರೆ ಅದೇ ಏರಿನಲ್ಲಿ ಅವನು ಒಂದು ಗೇರು ಹೆಚ್ಚು ಇಳಿಸಬೇಕಾಯಿತು. ಅಚ್ಚಿಗೆ ಬರುವ ತಿರುಗುಬಲ ಅಷ್ಟೇ, ತ್ರಿಜ್ಯ ಹೆಚ್ಚು. ಹಾಗಾಗಿ ನೆಲವನ್ನು ಹಿಂದಕ್ಕೆ ನೂಕುವ ಬಲ ಶೇಕಡಾ 10ಕ್ಕಿಂತ ತುಸು ಹೆಚ್ಚೇ ಕಡಿಮೆ. ಇದನ್ನು ಡ್ರೈವರುಗಳು ಕೂಡಲೇ ಗಮನಿಸುತ್ತಾರೆ, ಎಂಜಿನಿಗೆ ದಮ್ಮಿಲ್ಲ ಅನ್ನುತ್ತಾರೆ. ಬ್ರೇಕಿಗೂ ಇದೇ ನಿಯಮ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಬ್ರೇಕು ಚಕ್ರಕ್ಕೆ ಕೊಡುವುದೂ ತಿರುಗುಬಲವೇ. ಕಾಲು ಅಷ್ಟೇ ಒತ್ತಿದರೆ ತಡೆಯುವ ಬಲ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಇಳಿಜಾರಿನಲ್ಲಿ ಮಕ್ಕಳನ್ನು ತರುವವನಿಗೆ ಇದು ದೊಡ್ಡ ವಿಷಯ.

ಐದನೆಯ ದಿನ

ಸೋಮವಾರದಿಂದ ಆ ಜೀಪಿನಲ್ಲೇ ಮಕ್ಕಳು ಬಂದರು. ಶುಕ್ರವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಯಾವುದೋ ಮಾತಿಗೆ, "ಸರ್, ಈಗ ಜೀಪಿಗೆ ಹತ್ತಲಿಕ್ಕೆ ಮಣೆ ಬೇಕು. ತಿರುವಿನಲ್ಲಿ ಉಯ್ಯಾಲೆಯ ಹಾಗೆ ಆಗ್ತದೆ" ಅಂದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಬಿಲ್ಲೆ ಡಿಫರೆನ್ಶಿಯಲನ್ನು ಎತ್ತುವುದಿಲ್ಲ ಅಂತ ಕಂಡುಕೊಂಡ ನಾನು, ಅದು ಯಾರನ್ನು ಎತ್ತುತ್ತದೆ ಅಂತ ಯೋಚಿಸಿರಲೇ ಇಲ್ಲ.

ಆ ದಿನದ ಪಾಠ ಬಿಟ್ಟು ಅದನ್ನೇ ಲೆಕ್ಕ ಮಾಡಿದೆವು. ಜೀಪಿನಲ್ಲಿ ಬರುವ ಎಂಟೂ ಮಕ್ಕಳನ್ನು ಮುಂದಿನ ಬೆಂಚಿಗೆ ಕರೆದೆ. ಮೊದಲು ಅಂಗಳದಲ್ಲಿ ಒಂದು ಅಳತೆ. ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿ, ಒಂದು ಸುತ್ತು ಉರುಳಿಸಿ ಅಳೆದರೆ 2.40 ಮೀಟರು ಬಂತು. ವರ್ಕ್‌ಶಾಪಿನಲ್ಲಿ ಹಳೆ ಟಯರಿಗೆ ಹೀಗೆಯೇ ಅಳೆದಾಗ 2.15 ಬಂದಿತ್ತು. ವ್ಯಾಸಕ್ಕೆ ಪೈ ಗುಣಿಸಿದರೆ ಇದಕ್ಕಿಂತ ತುಸು ಹೆಚ್ಚು ಬರಬೇಕು. ಭಾರಕ್ಕೆ ಟಯರು ಕೆಳಗೆ ಚಪ್ಪಟೆಯಾಗುವುದರಿಂದ ಕಡಿಮೆ. ಈಗ ಸ್ಪೀಡೋಮೀಟರನ್ನು ಯೋಚಿಸಿ. ಈ ಜೀಪಿನಲ್ಲಿ ಅದು ಎಣಿಸುವುದು ಗೇರ್ ಬಾಕ್ಸಿನಿಂದ ಹೊರಬರುವ ದಂಡದ ಸುತ್ತುಗಳನ್ನು. ಒಂದು ಸುತ್ತಿಗೆ ಇಷ್ಟು ದೂರ ಅಂತ ಅದಕ್ಕೆ ಹುಟ್ಟುವಾಗಲೇ ಹೇಳಿಕೊಟ್ಟಿದ್ದಾರೆ. ಟಯರು ಬದಲಾದದ್ದು ಅದಕ್ಕೆ ಗೊತ್ತಿಲ್ಲ. ಮೀಟರು 40 ತೋರಿಸುವಾಗ ಫೋನಿನ ಜಿಪಿಎಸ್ 44 ತೋರಿಸಿತು. ನಮ್ಮ ಪಠ್ಯದಲ್ಲಿ ಜವ ಬೇರೆ ವೇಗ ಬೇರೆ ಅಂತ ಎಷ್ಟು ಒತ್ತಿ ಹೇಳುತ್ತೇವೆ. ಇಲ್ಲಿ ಜವವೇ ಸುಳ್ಳು.

ಮತ್ತೆ ಉರುಳುವ ಪ್ರಶ್ನೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ವಾಹನಗಳಿಗೆ ಉರುಳುವಿಕೆಯ ಶ್ರೇಣಿ ಕೊಡಲು ಒಂದು ಸರಳ ಸಂಖ್ಯೆ ಬಳಸುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರವನ್ನು, ಗುರುತ್ವ ಕೇಂದ್ರದ ಎತ್ತರದ ಎರಡು ಪಟ್ಟಿನಿಂದ ಭಾಗಿಸಬೇಕು. ನಾವು ಅದನ್ನು ಸ್ಥಿರತೆಯ ಅಂಕ ಅನ್ನೋಣ. ಕಾರುಗಳಿಗೆ ಇದು ಸಾಮಾನ್ಯವಾಗಿ 1.3ರಿಂದ 1.5, ಎತ್ತರದ ವಾಹನಗಳಿಗೆ ಅದಕ್ಕಿಂತ ಕಡಿಮೆ. ನಮ್ಮ ಜೀಪಿನ ಚಕ್ರಗಳ ನಡುವೆ ಅಳೆದಾಗ 130 ಸೆಂ.ಮೀ. ಗುರುತ್ವ ಕೇಂದ್ರದ ಎತ್ತರ ಅಳೆಯುವ ಸಾಧನ ನಮ್ಮಲ್ಲಿಲ್ಲ, 65 ಸೆಂ.ಮೀ. ಅಂತ ಅಂದಾಜು ಹಿಡಿದೆವು. ಜೀಪೂ ಡ್ರೈವರೂ ಸೇರಿ 1,400 ಕಿ.ಗ್ರಾಂ., ಅದರಲ್ಲಿ ಬಾಡಿಯ ಪಾಲು 500 ಅಂತ ಇಟ್ಟುಕೊಂಡೆವು. ಅಂದಾಜು ಸ್ವಲ್ಪ ಆಚೀಚೆ ಆದರೂ ಉತ್ತರದ ದಿಕ್ಕು ಬದಲಾಗದು.

ಖಾಲಿ ಜೀಪಿಗೆ ಅಂಕ ಸರಿಯಾಗಿ 1. ಬಿಲ್ಲೆ ಇಟ್ಟಾಗ ಏರಿದ್ದು ಬಾಡಿ ಮಾತ್ರ, ಹಾಗಾಗಿ ಜೀಪಿನ ಒಟ್ಟು ಗುರುತ್ವ ಕೇಂದ್ರ ಏರಿದ್ದು ಎರಡು ಸೆಂ.ಮೀ.ಗಿಂತಲೂ ಕಡಿಮೆ. ಟಯರಿನಿಂದ ಇನ್ನೂ 4.2. ಒಟ್ಟು ಸುಮಾರು 71 ಸೆಂ.ಮೀ., ಅಂಕ 0.92. ಇದು ದೊಡ್ಡದಲ್ಲ ಅನಿಸುತ್ತದೆ ಅಲ್ವಾ? ಈಗ ಮಕ್ಕಳನ್ನು ಕೂರಿಸಿ. ಶಾಲೆಯ ಆರೋಗ್ಯ ಕಾರ್ಡುಗಳಿಂದ ತೂಕ ತೆಗೆದೆವು, ಎಂಟು ಜನ ಸೇರಿ 320 ಕಿ.ಗ್ರಾಂ. ಹಿಂದಿನ ಬೆಂಚಿನ ಮೇಲೆ ಕೂತವರ ಗುರುತ್ವ ಕೇಂದ್ರ ನೆಲದಿಂದ ಮೊದಲು 110 ಸೆಂ.ಮೀ. ಇತ್ತು. ಅವರ ಮಟ್ಟಿಗೆ ಬಿಲ್ಲೆಯ 5 ಪೂರ್ತಿ ಸೇರುತ್ತದೆ, ಟಯರಿನ 4.2 ಕೂಡ. ಅಂದರೆ 119. ಎಲ್ಲ ಸೇರಿಸಿದರೆ ಮಕ್ಕಳು ತುಂಬಿದ ಜೀಪಿನ ಗುರುತ್ವ ಕೇಂದ್ರ 73ರಿಂದ 80ಕ್ಕೆ, ಅಂಕ 0.89ರಿಂದ 0.81ಕ್ಕೆ.

ಈ ಸಂಖ್ಯೆಯ ಪಕ್ಕದಲ್ಲಿ ನಾನು ಕರಿಹಲಗೆಯಲ್ಲಿ ಇನ್ನೊಂದು ಸಂಖ್ಯೆ ಬರೆದೆ. ಒಣ ಡಾಮರಿನ ಮೇಲೆ ಟಯರಿನ ಘರ್ಷಣಾ ಗುಣಾಂಕ, ಸುಮಾರು 0.7ರಿಂದ 0.8. ತಿರುವಿನಲ್ಲಿ ಜವ ಹೆಚ್ಚಾದರೆ ಜೀಪಿಗೆ ಎರಡು ದಾರಿ, ಜಾರುವುದು ಇಲ್ಲವೇ ಉರುಳುವುದು. ಸ್ಥಿರತೆಯ ಅಂಕ ಘರ್ಷಣೆಗಿಂತ ದೊಡ್ಡದಿದ್ದರೆ ಮೊದಲು ಜಾರುತ್ತದೆ, ಚಿಕ್ಕದಿದ್ದರೆ ಮೊದಲು ಉರುಳುತ್ತದೆ. ಹಳೆ ಜೀಪು ಜಾರುವ ಜೀಪು. ಹೊಸದು ಗೆರೆಯ ಮೇಲೆ ನಿಂತಿದೆ. ಸ್ಪ್ರಿಂಗು ಹೊರಬದಿಗೆ ವಾಲುವುದು, ಮಕ್ಕಳು ಆ ಕಡೆಗೆ ಬಾಗುವುದು, ಇವನ್ನು ಲೆಕ್ಕಕ್ಕೆ ಹಿಡಿದರೆ ಗೆರೆಯ ಆಚೆಗೇ. ಜಾರುವ ಜೀಪೂ ದಾರಿಯಂಚಿನ ಚರಂಡಿಗೆ ತಾಗಿದರೆ ಮಗುಚುತ್ತದೆ, ಅದು ಬೇರೆ ಮಾತು.

ನಮ್ಮ ಇಳಿಜಾರಿನಲ್ಲಿ ಒಂದು ಹೇರ್‌ಪಿನ್ ತಿರುವು ಉಂಟು. ತ್ರಿಜ್ಯ 15 ಮೀಟರ್ ಅಂತ ಹಗ್ಗ ಹಿಡಿದು ಅಳೆದಿದ್ದೆವು. ಉರುಳುವ ಮಿತಿ ಹಳೆ ಜೀಪಿಗೆ ಗಂಟೆಗೆ 41 ಕಿ.ಮೀ., ಹೊಸದಕ್ಕೆ 39. "ಬರೀ ಎರಡೇ ವ್ಯತ್ಯಾಸ ಸರ್" ಅಂದ ಒಬ್ಬ ಹುಡುಗ. ಆಗ ಆ ಮಣೆಯ ಹುಡುಗಿ, "ಆದ್ರೆ ಮೀಟರು ಸುಳ್ಳು ಹೇಳ್ತದಲ್ಲ" ಅಂದಳು. ಹೌದು. ನಿಜವಾದ 39ರಲ್ಲಿ ಮೀಟರು ತೋರಿಸುವುದು 35. ಎಷ್ಟೋ ವರ್ಷದಿಂದ ಅದೇ ತಿರುವಿಗೆ ಮೀಟರು ನೋಡಿ ಪಳಗಿದ ಡ್ರೈವರಿಗೆ ಮಿತಿ 41ರಿಂದ 35ಕ್ಕೆ ಇಳಿದಿದೆ, ಅವನಿಗೆ ಗೊತ್ತೇ ಆಗದ ಹಾಗೆ. ಎರಡು ಸಣ್ಣ ತಪ್ಪುಗಳು ಒಂದೇ ದಿಕ್ಕಿಗೆ ಕೂಡಿಕೊಂಡಿವೆ. ಇದನ್ನು ನಾನು ಯೋಚಿಸಿರಲಿಲ್ಲ. ಅವಳು ಹೇಳಿದ ಮೇಲೆ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು.

ಸಂಜೆ ಅವನು ಮಕ್ಕಳನ್ನು ಕರೆದೊಯ್ಯಲು ಬಂದಾಗ ಕರಿಹಲಗೆ ಒರೆಸಿರಲಿಲ್ಲ. ತೋರಿಸಿದೆ. ಅವನು ತುಂಬ ಹೊತ್ತು ನೋಡಿದ. "ಸರ್, ನೀವೇ ಅಲ್ವಾ ಒಳ್ಳೆಯದು ಅಂದದ್ದು?" ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಟಯರಿಗೆ ಅವನು ಸಾಲ ಮಾಡಿದ್ದ. ಅಗಲದ ರಿಮ್ಮು ಹಾಕಿ ಚಕ್ರಗಳನ್ನು ಹೊರಗೆ ಸರಿಸಿದರೆ ಆಗದೇ ಅಂತ ಕೇಳಿದ. ಸರಿಯಾದ ಪ್ರಶ್ನೆ. ಅಂತರ 5 ಸೆಂ.ಮೀ. ಹೆಚ್ಚಾದರೆ ಅಂಕ 0.84ಕ್ಕೆ ಬರುತ್ತದೆ, ಆದರೆ ಚಕ್ರದ ಬೇರಿಂಗಿನ ಮೇಲಿನ ತೋಳು ಉದ್ದವಾಗಿ ಅದು ಬೇಗ ಸವೆಯುತ್ತದೆ. ಮೀಟರಿನ ಸುಳ್ಳೂ ಬ್ರೇಕಿನ ಕೊರತೆಯೂ ಹಾಗೇ ಉಳಿಯುತ್ತವೆ. ಆ ಸಂಜೆ ಅವನು ಮಕ್ಕಳನ್ನು ಎರಡು ಟ್ರಿಪ್ಪಿನಲ್ಲಿ, ನಾಲ್ಕು ನಾಲ್ಕು ಜನರನ್ನು, ನಿಧಾನಕ್ಕೆ ಮನೆ ಮುಟ್ಟಿಸಿದ. ಯಾರೂ ಹೇಳಿರಲಿಲ್ಲ.

ಕಾನೂನಿನ ಮಾತೂ ಉಂಟು, ನಾವು ಮೇಷ್ಟ್ರುಗಳು ಅದನ್ನು ಕೊನೆಗೆ ನೆನೆಯುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದ ಪ್ರಕರಣ ಹೋದದ್ದು ನಮ್ಮ ಕೇರಳದಿಂದಲೇ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥ ಬದಲಾವಣೆಗಳನ್ನೇ.

ಮುಂದಿನ ಭಾನುವಾರ ಮತ್ತೆ ಗೋಣಿ ಹಾಸಿದೆವು. ಬಿಚ್ಚುವುದು ಹಾಕುವುದಕ್ಕಿಂತ ಬೇಗ ಆಯಿತು. ಸ್ಟಿಯರಿಂಗಿನ ದಂಡ ತನ್ನ ಹಳೆಯ ಜಾಗಕ್ಕೆ ಜಾರಿ ಕೂತಾಗ ನನಗೆ ನಿರಾಳ ಆಯಿತು. 31 ಇಂಚಿನ ಟಯರುಗಳನ್ನು ಅವನು ನಷ್ಟಕ್ಕೆ ಮಾರಿದ. ಆ ನಷ್ಟದಲ್ಲಿ ಒಂದು ಪಾಲು ನಾನು ಕೊಡುತ್ತೇನೆ ಅಂದೆ, ತೆಗೆದುಕೊಳ್ಳಲಿಲ್ಲ. ಹಳೆಯ ಅಳತೆಯದ್ದೇ, ಆದರೆ ಆಳವಾದ ಹಲ್ಲಿರುವ ಕೆಸರಿನ ಟಯರು ಹಾಕಿದ. ಕೆಸರು ಬರುವಲ್ಲಿ ಗಾಳಿ ಇಳಿಸುವುದನ್ನು ಕಲಿತ. ಇದರ ಲೆಕ್ಕ ಮಕ್ಕಳೇ ಮಾಡಿದರು. ಖಾಲಿ ಜೀಪಿನ ಒಂದು ಚಕ್ರದ ಮೇಲೆ 350 ಕಿ.ಗ್ರಾಂ., 30 ಪಿಎಸ್‌ಐ ಒತ್ತಡದಲ್ಲಿ ನೆಲಕ್ಕೆ ತಾಗುವ ಜಾಗ ಸುಮಾರು 166 ಚದರ ಸೆಂ.ಮೀ., 18ಕ್ಕೆ ಇಳಿಸಿದರೆ ಸುಮಾರು 277. ಖರ್ಚಿಲ್ಲದೆ ಹಿಡಿತ. ಡಾಮರು ಸಿಕ್ಕಿದ ಕೂಡಲೇ ಮತ್ತೆ ತುಂಬಿಸಬೇಕು, ಇಲ್ಲದಿದ್ದರೆ ಟಯರು ಕಾಯುತ್ತದೆ, ತಿರುವಿನಲ್ಲಿ ರಿಮ್ಮಿನಿಂದ ಕಳಚಲೂಬಹುದು. ಕಾಲಿನಿಂದ ಒತ್ತುವ ಪಂಪೊಂದನ್ನು ಜೀಪಿನಲ್ಲೇ ಇಟ್ಟುಕೊಂಡಿದ್ದಾನೆ. ತುಂಬಿಸುವ ಕೆಲಸ ಹತ್ತನೇ ತರಗತಿಯ ಇಬ್ಬರು ಹುಡುಗರದ್ದು, ಅದರ ಹಕ್ಕಿಗೆ ಜಗಳ ಬೇರೆ.

ದಿಣ್ಣೆಯನ್ನು ಏನು ಮಾಡಿದಿರಿ ಅಂತ ಕೇಳುತ್ತೀರಿ. ಎರಡು ಶನಿವಾರ ಆ ಮನೆಗಳವರೂ ನಾನೂ ಅವನೂ ಪಿಕ್ಕಾಸಿ ಹಿಡಿದು ಮುರಕಲ್ಲಿನ ತಲೆ ಕಡಿದೆವು, ಅದೇ ಚೂರುಗಳನ್ನು ಚಕ್ರದ ಸಾಲುಗಳಿಗೆ ತುಂಬಿಸಿದೆವು. ದಾರಿ ಸುಮಾರು 5 ಸೆಂ.ಮೀ. ತಗ್ಗಿತು.

ನೀವು ಇದನ್ನು ತರಗತಿಯಲ್ಲಿ ಮಾಡುವುದಾದರೆ ನಿಜವಾದ ಜೀಪು ಬೇಡ. ಆಟಿಕೆಯ ಜೀಪು, ಒಂದು ಹಲಗೆ, ಒಂದು ಕೋನಮಾಪಕ ಸಾಕು. ಜೀಪನ್ನು ಹಲಗೆಗೆ ಅಡ್ಡಲಾಗಿ ಇಟ್ಟು, ಚಕ್ರ ಜಾರದ ಹಾಗೆ ಕೆಳಬದಿಗೆ ಒಂದು ಪಟ್ಟಿ ಅಂಟಿಸಿ, ಹಲಗೆಯನ್ನು ನಿಧಾನಕ್ಕೆ ಎತ್ತಿ. ಯಾವ ಕೋನದಲ್ಲಿ ಮಗುಚುತ್ತದೋ ಅದರ ಟ್ಯಾನ್ ಬೆಲೆಯೇ ಸ್ಥಿರತೆಯ ಅಂಕ. ಜೀಪಿನ ಮೇಲೆ ಮಕ್ಕಳ ಬದಲು ನಾಣ್ಯಗಳನ್ನು ಅಂಟಿಸಿ ಮತ್ತೆ ಮಾಡಿ, ನಾಣ್ಯಗಳ ಅಡಿಗೆ ರಬ್ಬರಿನ ತುಂಡು ಕೊಟ್ಟು ಮತ್ತೊಮ್ಮೆ. ಮಗುಚುವ ಕೋನ ಮೂರು ಸಲವೂ ಬೇರೆ ಬೇರೆ ಬರುತ್ತದೆ, ನಾಣ್ಯ ಭಾರವಾದಷ್ಟೂ ವ್ಯತ್ಯಾಸ ಸ್ಪಷ್ಟ.

ಎಂಟು ಬಿಲ್ಲೆಗಳು ಈಗ ನಮ್ಮ ಲ್ಯಾಬಿನಲ್ಲಿವೆ. ಏಳು ಕಪಾಟಿನಲ್ಲಿ, ಎಂಟನೆಯದು ಬಾಗಿಲು ಗಾಳಿಗೆ ಬಡಿಯದ ಹಾಗೆ ಅದರ ಬುಡದಲ್ಲಿ.